ಹಕ್ಕಿ ಎಬ್ಬಿಸಿದವರು

ದುರ್ಗಪ್ಪನ ಫೋನು ಬಂದಾಗ ಯಶೋಧರಾ ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ.

"ಅಕ್ಕಾರ, ಇವತ್ತ ಎಣಿಸೋ ದಿನಾ ಏನ್ರಿ?"

"ಅಲ್ಲ ಕಾಕಾ. ಯಾಕ?"

"ಮತ್ತ ನಿಮ್ಮ ಡ್ರೋನ್ ಇಲ್ಲಿ ನಡುಗಡ್ಡಿ ಮ್ಯಾಲ ಗುಂಯ್ ಅನ್ನಾಕತ್ತೈತಲ್ರಿ! ಹಕ್ಕಿ ಎಲ್ಲಾ ಎದ್ದ ಹೋದ್ವು. ಗೂಡಿನ್ಯಾಗ ಮರಿ ಅಷ್ಟ ಅದಾವು. ಬಿಸಲ ನೋಡ್ರಿ ಹೆಂಗೈತಿ!"

ದುರ್ಗಪ್ಪ ಘಟಪ್ರಭಾ ಹಿನ್ನೀರಿನ ಪಕ್ಷಿಧಾಮದ ಕಾವಲುಗಾರ. ಹಕ್ಕಿ ಹೆದರೀತು ಅಂತ ಜೋರಾಗಿ ಕೆಮ್ಮಲೂ ಹಿಂದೆ ಮುಂದೆ ನೋಡುವ ಮನುಷ್ಯ. ಅಂಥವನು ಫೋನಿನಲ್ಲಿ ಅರಚುತ್ತಿದ್ದ. ಯಶೋಧರಾ ಕಪ್ಪನ್ನು ಕಟ್ಟೆಯ ಮೇಲೆ ಕುಕ್ಕಿ, ಹೊರಡಲು ಅಲ್ಲಾಡುತ್ತಿದ್ದ ಗೋಕಾಕದ ಬಸ್ಸಿಗೆ ಓಡಿದಳು. ಡ್ರೋನಿನ ಬ್ಯಾಗನ್ನು ಬೆಳಿಗ್ಗೆ ತಾನೇ ತಮ್ಮ ಲಖನನ ಕೈಯಲ್ಲಿ ಕೊಟ್ಟಿದ್ದಳು. ಗೋಕಾಕಕ್ಕೆ ಹೋಗಿ ರೆಕ್ಕೆ ಬದಲಿಸಿಕೊಂಡು ಬಾ, ನಾನು ಹುಕ್ಕೇರಿಯಲ್ಲಿ ಸೂರ್ಯಕಾಂತಿ ಬೆಳೆದವರ ಹತ್ತಿರ ಮಾತಾಡಿ ಬರುತ್ತೇನೆ ಅಂದಿದ್ದಳು. ಈಗ ಫೋನು ಹಚ್ಚಿದರೆ ಲಖನ ಎತ್ತಲೇ ಇಲ್ಲ. ಎತ್ತುತ್ತಾನೆಯೇ? ಎರಡೂ ಕೈ ರಿಮೋಟಿನ ಮೇಲೆ ಇರುತ್ತವೆ ಭಾಡ್ಯಾನವು!

ಬಸ್ಸು ತೆವಳುತ್ತಿತ್ತು. ಹತ್ತುವವರು, ಇಳಿಯುವವರು, ಚಿಲ್ಲರೆಗೆ ಜಗಳ ತೆಗೆಯುವವರು. ಎಲ್ಲರ ಮೇಲೂ ಅವಳಿಗೆ ಸಿಟ್ಟು ಬಂತು.

ಘೋಡಗೇರಿಯ ಸತ್ಯಪ್ಪ ಮತ್ತು ಕಾಡವ್ವನ ಮಗಳು ಯಶೋಧರಾ ಡ್ರೋನ್ ಹಾರಿಸುತ್ತಾಳೆ ಅಂದರೆ ಮೊದಮೊದಲು ಜನ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ತರಬೇತಿ ಮುಗಿಸಿ, ಪರೀಕ್ಷೆ ಕೊಟ್ಟು, ಪೈಲಟ್ ಪರವಾನಗಿ ತಂದಳು. ಮೂಡಲಗಿಯಿಂದ ಹುಕ್ಕೇರಿಯವರೆಗೆ ಹೊಲಗಳ ಬೆಳೆಯ ಚಿತ್ರ ತೆಗೆದುಕೊಟ್ಟಳು. ಜೋಳದ ತೆನೆಯಲ್ಲಿ ಹಾಲುಗಾಳು ತುಂಬಿದಾಗ ಇನ್ನೊಂದು ಕೆಲಸವೂ ಹುಟ್ಟಿತು. ಹಕ್ಕಿ ಎಬ್ಬಿಸುವುದು. ಅವ್ವ ಕಾಡವ್ವ ಹರೆಯದಲ್ಲಿ ಬೇರೆಯವರ ಹೊಲದ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿ, ಗಂಟಲು ಹರಿಯುವಂತೆ ಕೂಗಿ ಗಿಳಿ, ಗುಬ್ಬಿಗಳನ್ನು ಓಡಿಸುತ್ತಿದ್ದಳು. ಈಗ ಅದನ್ನೇ ಡ್ರೋನು ಮಾಡುತ್ತಿತ್ತು. ತೆನೆಗಳ ಮೇಲೆ ಸರ್ರನೆ ಇಳಿದು, ತಿರುಗಿ, ಮತ್ತೆ ಇಳಿದರೆ ಒಂದು ಹಕ್ಕಿಯೂ ಹೊಲದಲ್ಲಿ ನಿಲ್ಲುತ್ತಿರಲಿಲ್ಲ. ಅದರಲ್ಲಿ ಲಖನನ ಕೈ ಅಕ್ಕನಿಗಿಂತ ಚುರುಕು. ಅವನಿಗೆ ಪರವಾನಗಿ ಇರಲಿಲ್ಲ. ಆದರೂ ಅಕ್ಕ ಬಾಜೂದಲ್ಲಿ ನಿಂತು ರಿಮೋಟು ಕೊಡುತ್ತಿದ್ದಳು. ರೈತರು "ಏನ್ ಎಬ್ಬಸ್ತಾನೋ ಹುಡುಗಾ!" ಅಂದರೆ ಇಪ್ಪತ್ತೆರಡರ ಆ ಗಡವ ಎದೆ ಉಬ್ಬಿಸಿಕೊಂಡು ನಿಲ್ಲುತ್ತಿದ್ದ.

ಆದರೆ ಯಶೋಧರಾಳ ಜೀವ ಇದ್ದದ್ದು ಹಿನ್ನೀರಿನ ನಡುಗಡ್ಡೆಯ ಮೇಲೆ. ಅಲ್ಲಿನ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ದಂಡೆಯಿಂದ ನೋಡಿದರೆ ಅರ್ಧ ಗೂಡು ಕಾಣುವುದಿಲ್ಲ, ದೋಣಿಯಲ್ಲಿ ಹೋದರೆ ಹಕ್ಕಿ ಏಳುತ್ತವೆ. ಎತ್ತರದಿಂದ ಚಿತ್ರ ತೆಗೆದು ಎಣಿಸುತ್ತೇನೆ ಅಂತ ಅವಳು ಅರಣ್ಯ ಇಲಾಖೆಯ ಬೆನ್ನು ಹತ್ತಿದಳು. ಒಂದು ವರ್ಷ ಅಡ್ಡಾಡಿದ ಮೇಲೆ ಅಪ್ಪಣೆ ಸಿಕ್ಕಿತು, ಅದೂ ಹತ್ತು ಕಟ್ಟುಪಾಡಿನೊಂದಿಗೆ. ಅವಳೇ ಹಾರಿಸಬೇಕು. ಬಿಸಿಲೇರುವ ಮೊದಲು ಹಾರಿಸಬೇಕು. ಆಚೆ ದಂಡೆಯಿಂದ ಏರಿಸಬೇಕು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇಟ್ಟುಕೊಳ್ಳಬೇಕು, ಗೂಡಿನ ಮೇಲೆ ಇಳಿಸಲೇಬಾರದು. ದುರ್ಗಪ್ಪ ದುರ್ಬೀನು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದ. ಒಂದು ಕೊಕ್ಕರೆ ಕತ್ತೆತ್ತಿ ನೋಡಿತು ಅಂತ ಅವನು ಅಂದರೆ ಸಾಕು, ಕೆಲಸ ಅರ್ಧಕ್ಕೆ ಬಿಟ್ಟು ಡ್ರೋನನ್ನು ಹಿಂದಕ್ಕೆ ಕರೆಸುತ್ತಿದ್ದಳು. ಹಾಗೆ ನಾಲ್ಕು ಸಲ ಬರಿಗೈಲಿ ಮನೆಗೆ ಹೋಗಿದ್ದಾಳೆ.

ಅಷ್ಟು ಜತನ ಮಾಡಿದ ಜಾಗದ ಮೇಲೆ, ಉರಿ ಮಧ್ಯಾಹ್ನ, ಅವಳದೇ ಡ್ರೋನು!

ಘಟಪ್ರಭಾ ಊರಿನಲ್ಲಿ ಇಳಿದು, ಆಟೋ ಹಿಡಿದು ದಂಡೆಗೆ ಬಂದಾಗ ದೊಡ್ಡದೊಂದು ಬಿಳಿ ಕಾರು ಧೂಳೆಬ್ಬಿಸಿಕೊಂಡು ಎದುರಿಗೆ ಹೋಯಿತು. ಕಿಟಕಿಯಲ್ಲಿ ಗುರುಪಾದನ ಮುಖ ಕಂಡಿತು. ಮೂಡಲಗಿಯ ಬೆಲ್ಲದ ವ್ಯಾಪಾರಿ ಮುರಿಗೆಪ್ಪನವರ ಮಗ. ಮುಂದಿನ ತಿಂಗಳು ಅವನಿಗೂ ಗೋಕಾಕದ ಲಕ್ಷ್ಮೀಗೂ ಮದುವೆ. ಮದುವೆಗೆ ಮೊದಲು ಗಂಡು ಹೆಣ್ಣು ಹೊಳೆ, ಗುಡ್ಡ ಸುತ್ತಿ ವಿಡಿಯೋ ತೆಗೆಸಿಕೊಳ್ಳುವ ರೂಢಿ ಈಗ ಎಲ್ಲ ಕಡೆ ಇದೆಯಲ್ಲ, ಅದಕ್ಕೇ ಬಂದಿದ್ದರು. ಹದಿನೈದು ದಿನದ ಹಿಂದೆ ಇದೇ ಗುರುಪಾದ ಅವಳನ್ನು ಕೇಳಿದ್ದ. ಹುಡುಗಿಯ ಹಿಂದೆ ಸಾವಿರ ಹಕ್ಕಿ ಒಮ್ಮೆಲೇ ಏಳಬೇಕು, ಹಾಗೆ ಒಂದು ಶಾಟ್ ತೆಗೆದುಕೊಡು ಅಂದಿದ್ದ. ಅವಳು ಮುಖಕ್ಕೆ ಹೊಡೆದ ಹಾಗೆ ಆಗುವುದಿಲ್ಲ ಅಂದಿದ್ದಳು. ಅಕ್ಕ ಒಲ್ಲೆ ಅಂದದ್ದಕ್ಕೆ ಈಗ ತಮ್ಮನನ್ನು ಹಿಡಿದಿದ್ದ.

ಲಖನ ದಂಡೆಯ ಮೇಲೆ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ. ಅಕ್ಕನನ್ನು ಕಂಡು ಎದ್ದು ನಿಂತ.

"ಅಕ್ಕಾ, ಮದ್ಲ ನನ್ನ ಮಾತ ಕೇಳ."

"ಕೇಳಾಕ ಬಂದೇನಿ. ಬೊಗಳ."

"ರೆಕ್ಕಿ ಹಾಕಿಸಿಕೊಂಡ ಬರುವಾಗ ಗುರುಪಾದಣ್ಣ ಗೋಕಾಕದಾಗ ಸಿಕ್ಕ. ಸಾಹೇಬ್ರಿಗೆ ಹೇಳೇವಿ, ಬಾ ಅಂದ. ನಾನೂ ಡ್ರೋನ್ ಹಾರಸೋ ಸರ್ಕಾರಿ ಮ್ಯಾಪ್ ನೋಡಿದೆ. ಇಲ್ಲಿ ಹಸರ ಐತಿ. ಹಸರ ಇದ್ರ ಹಾರಸಬಹುದು ಅಂತ ನೀನ ಹೇಳಿದ್ದಿ."

"ಹಸರ ಆಕಾಶಕ್ಕೋ ಮೂಳಾ! ವಿಮಾನದ ಕಾಟ ಇಲ್ಲ ಅಂತ ಹಸರ. ಕೆಳಗ ಕೊಕ್ಕರಿ ಸಂಸಾರ ಮಾಡಾಕತ್ತಾವು ಅಂತ ಆ ಮ್ಯಾಪಿಗೆ ಏನ ಗೊತ್ತ? ಅದಕ್ಕ ಅರಣ್ಯದವರ ಅಪ್ಪಣಿ ಬ್ಯಾರೆ ಬೇಕು. ಒಂದ ವರ್ಷ ನಾ ಯಾತಕ್ಕ ಅಡ್ಡಾಡಿದೆ, ಕರದಂಟ ತಿನ್ನಾಕೇನ? ಸಾಹೇಬ್ರಿಗೆ ಹೇಳೇವಿ ಅಂದನಂತ! ಯಾವ ಸಾಹೇಬ? ಹೆಸರ ಏನ ಅವಂದು?"

"ಅದನ್ನ ಕೇಳಲಿಲ್ಲ."

"ಎಷ್ಟ ಕೆಳಗ ಇಳಿಸಿದ್ದಿ?"

ಲಖನ ನೆಲ ನೋಡಿದ. "ಹಕ್ಕಿ ಕುಂತಲ್ಲೆ ಕುಂತಿದ್ವು. ಎಬ್ಬಸು ಅಂದ್ರು. ಜೋಳದಾಗ ಹೆಂಗ ಎಬ್ಬಸ್ತೇವಿ, ಹಂಗ ಎಬ್ಬಿಸಿದೆ."

ಯಶೋಧರಾ ಅವನ ಕೈಯಿಂದ ಬ್ಯಾಗು ಕಿತ್ತುಕೊಂಡಳು. ಜೋಳದ ಹೊಲದಲ್ಲಿ ಎದ್ದ ಹಕ್ಕಿ ಪಕ್ಕದ ಹೊಲಕ್ಕೆ ಹೋಗುತ್ತದೆ, ಯಾರಿಗೂ ನಷ್ಟವಿಲ್ಲ. ಇಲ್ಲಿ ಏಳುವುದು ತಾಯಿ. ಪುಕ್ಕ ಬಾರದ ಮರಿಗಳ ಮೇಲೆ ರೆಕ್ಕೆ ಬಿಚ್ಚಿ ನೆರಳು ಹಿಡಿದು ದಿನವೆಲ್ಲ ನಿಲ್ಲುವ ತಾಯಿ. ಅದು ಎದ್ದರೆ ಮರಿ ಕಾದ ಹಂಚಿನ ಮೇಲೆ ಕೂತ ಹಾಗೆಯೇ. ಮೇಲೆ ಹದ್ದುಗಳು ಕಾದಿರುತ್ತವೆ. ಈ ಹುಚ್ಚಪ್ಪ ಹೊಲದ ಬುದ್ಧಿಯನ್ನು ಗೂಡಿನ ಮೇಲೆ ತಂದಿದ್ದ. ಹೊಲದಲ್ಲಿ ಆ ಬುದ್ಧಿ ಕಲಿಸಿದವಳು ಯಾರು ಅಂತ ನೆನೆದು ಅವಳ ಸಿಟ್ಟು ಇಮ್ಮಡಿಯಾಯಿತು.

ದುರ್ಗಪ್ಪ ನೀರಿನ ಅಂಚಿನಿಂದ ಬಂದ. ಟವೆಲ್ಲಿನಲ್ಲಿ ಏನನ್ನೋ ಹಿಡಿದಿದ್ದ. ಬಿಚ್ಚಿ ನೆಲದ ಮೇಲೆ ಇಟ್ಟ. ಬೂದು ಬಣ್ಣದ ಎರಡು ಸತ್ತ ಮರಿಗಳು, ಕೊಕ್ಕು ತೆರೆದೇ ಇದ್ದವು.

"ಗಾಬರಿ ಬಿದ್ದು ಗೂಡಿನಿಂದ ನೀರಿಗೆ ಜಿಗದಾವ್ರಿ. ಇವೆರಡು ದಂಡಿಗೆ ಬಂದ್ವು. ಒಳಗ ಎಷ್ಟೋ!" ಅಂದ. "ಹದ್ದ ಒಯ್ದದ್ದ ಬ್ಯಾರೆ."

"ಕಾಕಾ, ದೋಣಿ ತಗೀರಿ. ಹೋಗಿ ನೋಡೂಣು."

"ಬ್ಯಾಡ್ರಿ ಅಕ್ಕಾರ. ತಾಯಿ ಈಗಷ್ಟ ಒಂದೊಂದ ಬರಾಕತ್ತಾವು. ನಾವ ಹೋದ್ರ ಮತ್ತ ಏಳತಾವು."

ಅದು ಅವಳಿಗೂ ಗೊತ್ತಿದ್ದ ಮಾತೇ. ಹೋಗಲೂ ಆಗದೆ, ಬಿಡಲೂ ಆಗದೆ, ಬಿಸಿಲಲ್ಲಿ ನಿಂತು ನಡುಗಡ್ಡೆಯನ್ನು ನೋಡಿದಳು. ಲಖನ ಮರಿಗಳ ಕಡೆ ತಿರುಗಲೇ ಇಲ್ಲ. ದುರ್ಗಪ್ಪ ವರದಿ ಕೊಡುವುದು ತನ್ನ ಕೆಲಸ ಅಂದ. "ಕೊಡ್ರಿ" ಅಂದಳು.

ಸಂಜೆಗೆ ಘೋಡಗೇರಿಯ ಅವರ ಓಣಿಗೆ ಆ ಬಿಳಿ ಕಾರು ಬಂತು. ಮುರಿಗೆಪ್ಪನವರು ಇಳಿದರು, ಹಿಂದೆ ಗುರುಪಾದ. ಸತ್ಯಪ್ಪ ವರ್ಷಗಟ್ಟಲೆ ಅವರ ಗಾಣದ ಮನೆಯಲ್ಲಿ ದುಡಿದವನು, ಆದರೆ ಆ ಮನುಷ್ಯ ಇವರ ಹೊಸ್ತಿಲು ದಾಟಿದ್ದು ಅದೇ ಮೊದಲು. ಬಂದವರೇ ಗೋಡೆಯ ಮೇಲಿನ ಬುದ್ಧನಿಗೂ ಬಾಬಾಸಾಹೇಬರ ಫೋಟೋಕ್ಕೂ ಕೈ ಮುಗಿದರು. ಕೇಳದೆಯೇ ಚಹಾ ಬೇಕು ಅಂದರು. ಕಾಡವ್ವ ಸಂಭ್ರಮದಿಂದ ಒಲೆ ಹೊತ್ತಿಸಿದಳು. ಯಶೋಧರಾ ಗೋಡೆಗೆ ಒರಗಿ ನಿಂತು ಹಲ್ಲು ಕಡಿದಳು. ಅವ್ವನ ಆ ಸಂಭ್ರಮ ನೋಡಲು ಅವಳಿಂದ ಆಗಲಿಲ್ಲ.

ಮುರಿಗೆಪ್ಪನವರು ಕಪ್ಪು ಕೆಳಗಿಟ್ಟು ಶುರು ಮಾಡಿದರು. "ತಂಗಿ, ಹುಡುಗ್ರು ತಪ್ಪ ಮಾಡ್ಯಾವು. ನಾ ಇಲ್ಲ ಅನ್ನೂದಿಲ್ಲ. ನಾಳೆ ಅರಣ್ಯ ಕಚೇರಿಗೆ ಕರದಾರ. ಈಗ ನೋಡು, ನಿನ್ನ ಹಂತ್ಯಾಕ ಅಪ್ಪಣಿ ಐತಿ. ಇವತ್ತ ಹಾರಿದ್ದು ನಿನ್ನ ಎಣಿಕಿ ಡ್ರೋನು ಅಂದ್ಬಿಡು. ಹೊತ್ತ ಮೀರಿ ಹಾರಿಸಿದ್ದಕ್ಕ ಬೈದ ಬಿಡತಾರ, ಕಾವಲುಗಾರಗ ನಾ ಹೇಳತೇನಿ, ಅಲ್ಲಿಗೆ ಗಪ್. ನಿನ್ನ ತಮ್ಮಗೂ ಕೇಸ ಇಲ್ಲ, ನಮ್ಮ ಹುಡುಗಗೂ ಇಲ್ಲ."

"ಮತ್ತ ಮರಿ?"

"ಮರಿ ಏನು, ಗಾಳಿಗೂ ಬೀಳತಾವು."

"ನನ್ನ ಎಣಿಕಿಯೊಳಗ ಸತ್ವು ಅಂತ ಬರಸ್ಲಿ ಏನ್ರಿ? ಆಮ್ಯಾಲ ಯಾವಾಕಿಗೆ ಅಪ್ಪಣಿ ಕೊಡತಾರ ಅವರು? ಇವತ್ತ ನನ್ನ ಅಪ್ಪಣಿ ಕೆಳಗ ನಿಮ್ಮ ಮಗನ ಮದವಿ ಹಾರತೈತಿ, ನಾಳೆ ಇನ್ನೊಬ್ಬಂದು. ಗಡ್ಡಿ ಮ್ಯಾಲ ಒಂದ ಹಕ್ಕಿ ಉಳಿಯೂದಿಲ್ಲ, ನೋಡ್ಕೋತ ಕುಂದ್ರಬೇಕು ನಾನು."

ಗುರುಪಾದ ನಕ್ಕ. "ಬಾಳ ದೊಡ್ಡ ಮಾತ ಆತಲ್ಲ. ಕೊಕ್ಕರಿ ಸಲುವಾಗಿ ತಮ್ಮನ್ನ ಜೈಲಿಗೆ ಹಾಕ್ತಿ ಏನ?"

"ನೀವ್ ಸುಮ್ಮ ಕುಂದರ್ರಿ!" ಯಶೋಧರಾ ಚೀರಿದಳು. "ಇಷ್ಟ ವರ್ಷ ನಮ್ಮ ಓಣಿ ದಾರಿ ಗೊತ್ತಿರಲಿಲ್ಲ ನಿಮಗ. ಇವತ್ತ ಸುಳ್ಳ ಬೇಕಾತು, ದಾರಿ ಸಿಕ್ತು. ಚಹಾನೂ ಸಿಹಿ ಹತ್ತಿತು!"

ಕಾಡವ್ವ ಮಗಳ ರಟ್ಟೆ ಹಿಡಿದು ಒಳಗೆ ಎಳೆದಳು. ಮುರಿಗೆಪ್ಪನವರು ಎದ್ದರು, ಸಿಟ್ಟಾಗಲಿಲ್ಲ. ವಿಚಾರ ಮಾಡು ಅಂತ ಹೇಳಿ ಹೊರಟುಹೋದರು. ಕಾರಿನ ಸದ್ದು ಓಣಿ ದಾಟುವುದನ್ನೇ ಕಾಯುತ್ತಿದ್ದ ಹಾಗೆ ಕಾಡವ್ವ ಬಾಯಿ ತೆರೆದಳು.

"ನಿನ್ನ ಹೊಟ್ಟಿ ಕಲ್ಲೇನ? ಒಬ್ಬನ ತಮ್ಮ ನಿನಗ. ನಾನೂ ಎಷ್ಟ ಹಕ್ಕಿ ಕವಣಿಲೆ ಹೊಡದೇನಿ, ನನ್ನ ಯಾರ್ ಹಿಡದ್ರು? ಒಂದ ಮಾತ ಅಂದ್ರ ಮುಗೀತೈತಿ. ಅಂದ್ಬಿಡು ನನ್ನವ್ವ."

ಸತ್ಯಪ್ಪ ಮೂಲೆಯಲ್ಲಿ ಕೂತಿದ್ದ. "ಖರೆ ಹೇಳಿದ್ರ ಏನಾಗತೈತಿ?" ಅಂತ ಕೇಳಿದ.

"ಕೇಸ್ ಆಗತೈತಿ ಅಪ್ಪಾ. ಜೈಲೂ ಆಗಬಹುದು. ನನ್ನ ಡ್ರೋನ್ ಜಪ್ತ ಮಾಡತಾರ, ಅಪ್ಪಣಿ ಹೋಗತೈತಿ. ಪರವಾನಗಿನೂ ಹೋದೀತು."

"ಸುಳ್ಳ ಹೇಳಿದ್ರ?"

"ಯಾರ ಮ್ಯಾಲೂ ಕೇಸ್ ಆಗೂದಿಲ್ಲ."

ಲಖನ ಹೊಸ್ತಿಲ ಮೇಲೆ ಬೆನ್ನು ಮಾಡಿ ಕೂತಿದ್ದ, ಊಟಕ್ಕೂ ಏಳಲಿಲ್ಲ. ಯಶೋಧರಾ ತಟ್ಟೆ ತಂದು ಅವನ ಪಕ್ಕದಲ್ಲಿಟ್ಟಳು. ಗೊತ್ತಿಲ್ಲದೆ ಮಾಡಿದ ಮೂಳ. ಜೋಳದ ಹೊಲ ಬಿಟ್ಟರೆ ಅವನಿಗೆ ಏನು ಗೊತ್ತು? ತಪ್ಪೆಲ್ಲ ಆ ಗುರುಪಾದನದು ಅಂತ ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡಷ್ಟೂ ಸಿಟ್ಟಿಗೆ ಒಂದು ಜಾಗ ಸಿಕ್ಕಂತಾಗುತ್ತಿತ್ತು.

ಮರುದಿನ ಯಶೋಧರಾ, ಲಖನ ಅರಣ್ಯ ಕಚೇರಿಗೆ ಹೋದಾಗ ಮುರಿಗೆಪ್ಪನವರು, ಗುರುಪಾದ ಮೊದಲೇ ಬಂದು ಕೂತಿದ್ದರು. ಅಧಿಕಾರಿ ಬೇರೆ ಜಿಲ್ಲೆಯಿಂದ ಬಂದ ಹೆಂಗಸು, ಮಾತು ಕಡಿಮೆ. ಮೇಜಿನ ಮೇಲೆ ದುರ್ಗಪ್ಪನ ವರದಿ ಇತ್ತು. ಅವನು ಬಾಗಿಲ ಬಳಿ ಟೊಪ್ಪಿಗೆ ಹಿಡಿದುಕೊಂಡು ನಿಂತಿದ್ದ.

"ಯಶೋಧರಾ, ನಿನ್ನೆ ಮಧ್ಯಾಹ್ನ ನಡುಗಡ್ಡೆಯ ಮೇಲೆ ಹಾರಿದ್ದು ನಿಮ್ಮ ಡ್ರೋನು. ಅದು ಎಣಿಕೆಯ ಹಾರಾಟವೇ?"

"ಹೌದ್ರಿ ಮೇಡಮ್, ಎಣಿಕೀದ" ಅಂದ ಗುರುಪಾದ.

"ನಾನು ಅವರನ್ನು ಕೇಳಿದೆ."

ಒಂದು ಮಾತು. ಹೌದು ಅಂದರೆ ಎಲ್ಲರೂ ಎದ್ದು ಮನೆಗೆ ಹೋಗಬಹುದಿತ್ತು. ಮುರಿಗೆಪ್ಪನವರು ಕಣ್ಣಲ್ಲೇ ಅವಳನ್ನು ಒತ್ತಾಯ ಮಾಡುತ್ತಿದ್ದರು. ಲಖನ ಕೈಬೆರಳು ಹಿಸುಕಿಕೊಳ್ಳುತ್ತಿದ್ದ.

"ಅಲ್ರಿ" ಅಂದಳು ಯಶೋಧರಾ. "ನಾ ಹುಕ್ಕೇರ್ಯಾಗ ಇದ್ದೆ. ಹಾರಿಸಿದಾಂವ ನನ್ನ ತಮ್ಮ. ಅವಗ ಪರವಾನಗಿ ಇಲ್ಲ. ಜೋಳದ ಹೊಲದಾಗ ನಾನ ಅವನ ಕೈಯಾಗ ಕೊಡತಿದ್ದೆ, ಅದು ನನ್ನ ತಪ್ಪು. ಹಾರಸ ಅಂದಾಂವ ಈ ಗುರುಪಾದ. ಸಾಹೇಬ್ರಿಗೆ ಹೇಳೇವಿ ಅಂತ ಸುಳ್ಳ ಹೇಳಿ ಕರಕೊಂಡ ಹೋಗ್ಯಾನು."

"ಈ ಮಾತಿಂದ ನಿಮ್ಮ ಅನುಮತಿ ರದ್ದಾಗುತ್ತದೆ. ಗೊತ್ತಿದೆಯಾ?"

"ಗೊತ್ತೈತ್ರಿ."

ಗುರುಪಾದ ಕುರ್ಚಿ ಹಿಂದಕ್ಕೆ ದೂಡಿ ಎದ್ದ. "ಏ, ನನಗ ಏನ ಆಗತೈತಿ? ಹಿಡಕೊಂಡ ಹೋದ್ರ ಸಂಜೀಕ ಹೊರಗ ಬರ್ತೇನಿ. ಒಳಗ ಕೊಳೆಯಾಂವ ನಿನ್ನ ತಮ್ಮನ!"

"ಬರ್ರಿ, ಹೊರಗ ಬರ್ರಿ" ಅಂದಳು ಯಶೋಧರಾ. "ಹೊರಗ ಬರಬೇಕಂದ್ರ ಮದ್ಲ ಒಳಗ ಹೋಗಬೇಕಲ್ರಿ. ನಿಮ್ಮ ಮನಿತನದಾಗ ಯಾರರೆ ಒಬ್ರು ಒಳಗ ಹೋದದ್ದನ್ನ ನೋಡ್ತೇನಿ ನಾನು, ಸಂಜೀತನಕ ಆದ್ರೂ."

ಮುರಿಗೆಪ್ಪನವರು ಮಗನ ಅಂಗಿ ಹಿಡಿದು ಕೂಡಿಸಿದರು. ಯಶೋಧರಾ ಅಧಿಕಾರಿಯ ಕಡೆ ತಿರುಗಿದಳು. "ಮೇಡಮ್, ಒಂದ ಮಾತ. ನನ್ನ ತಮ್ಮಗ ಗೊತ್ತಿರಲಿಲ್ಲರಿ. ಹೊಲದಾಗ ನಾವ್ ಹಂಗ ಎಬ್ಬಸ್ತೇವಿ. ಕೆಳಗ ಮರಿ ಅದಾವು ಅಂತ ಅವಗ ಖರೇನ ಗೊತ್ತಿರಲಿಲ್ಲ. ಇದನ್ನ ಬರಕೋರಿ."

"ಅವನೇ ಹೇಳಲಿ."

ಲಖನ ಎದ್ದು ನಿಂತ. ಬಾಯಿ ತೆರೆದ, ಮುಚ್ಚಿದ. ಅಕ್ಕನನ್ನು ನೋಡದೆ, ಮೇಜಿನ ಕಾಲನ್ನು ನೋಡುತ್ತ ಮಾತಾಡಿದ.

"ಮದ್ಲನೇ ಸಲ ಗೊತ್ತಿರಲಿಲ್ಲರಿ. ಎದ್ವು. ಹುಡುಗಿ ಸೆರಗ ಸರಿ ಹಾರಲಿಲ್ಲ, ಇನ್ನೊಂದ ಸಲ ಎಬ್ಬಸು ಅಂದ್ರು. ಅಷ್ಟೊತ್ತಿಗೆ ಹಕ್ಕಿ ಮತ್ತ ಬಂದ ಕುಂತಿದ್ವು. ಎರಡನೇ ಸಲ ಇಳಸುವಾಗ ಸ್ಕ್ರೀನಿನ್ಯಾಗ ಮರಿ ಕಂಡ್ವು."

ಯಶೋಧರಾ ಮೇಜಿನ ಅಂಚು ಹಿಡಿದಳು. "ಏನಂದಿ?"

"ಕಂಡ್ವು ಅಕ್ಕಾ. ಬಾಯಿ ತಕ್ಕೊಂಡ ಮ್ಯಾಲ ನೋಡಾಕತ್ತಿದ್ವು. ಕಂಡ್ರೂ ಇಳಿಸಿದೆ."

"ಯಾಕೋ? ಯಾಕ ಇಳಿಸಿದ್ಯೋ!"

ಲಖನ ತನ್ನ ಹೆಗಲು ಮುಟ್ಟಿಕೊಂಡ. "ಗುರುಪಾದಣ್ಣ ನನ್ನ ಹೆಗಲ ಮ್ಯಾಲ ಕೈ ಹಾಕಿದ್ದ. ಎಲ್ಲಾರ ಮುಂದ. ಭಾರಿ ಅದಿಯೋ ತಮ್ಮಾ, ನೀ ನಮ್ಮಾಂವ ಅಂದ. ಹಂಗ ಯಾರೂ ಕೈ ಹಾಕಿರಲಿಲ್ಲ ನನಗ. ಒಲ್ಲೆ ಅಂದ್ರ ಕೈ ತಗೀತಾನ ಅಂತ..."

ಗುರುಪಾದ ಕಿಟಕಿಯ ಕಡೆ ಮುಖ ತಿರುಗಿಸಿದ. ಅಧಿಕಾರಿ ಪೆನ್ನು ಎತ್ತಿ ಹಿಡಿದವರು ಹಾಗೇ ಕೂತರು. ಬಹುಶಃ ಈ ಮಾತು ಕೇಸಿಗೆ ಬೇಕಾಗಿಲ್ಲ ಅಂತ ಅವರಿಗೆ ಅನ್ನಿಸಿರಬೇಕು.

ಯಶೋಧರಾಳಿಗೆ ತಮ್ಮನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವನನ್ನು ಅಪ್ಪಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಕಣ್ಣು ಒರೆಸಿಕೊಂಡು ಮೇಜಿನ ಮೇಲಿನ ಹಾಳೆಗೆ ಬೆರಳು ಕುಕ್ಕಿದಳು.

"ಮರಿ ಕಂಡ್ವು ಅಂದದ್ದ ಬರಕೋರಿ ಮೇಡಮ್. ಕಂಡ್ರೂ ಇಳಿಸಿದೆ ಅಂದದ್ದೂ ಬರಕೋರಿ. ಆ ಹೆಗಲ ಮ್ಯಾಲಿನ ಕೈ ಐತಲ್ಲರಿ, ಅದನ್ನೂ ಬಿಡಬ್ಯಾಡ್ರಿ. ಅದನ್ನೂ ಬರಕೋರಿ."

ಅಧಿಕಾರಿ ಬರೆಯತೊಡಗಿದರು. ಯಶೋಧರಾ ಲಖನನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಅವಳ ಹೇಳಿಕೆಗೆ ಸಹಿ ಹಾಕುವುದು ಇನ್ನೂ ಬಾಕಿ ಇತ್ತು.